ಹೊನಗೊನ್ನೆಯ ಕುಲದ ಗಿಡಗಳನ್ನು ಗುರುತಿಸುವ ಬಗೆ

ಕೆರೆಕಟ್ಟೆಗಳ ಅಂಚಿನಲ್ಲಿಯೂ ಗದ್ದೆಯ ಬದುಗಳ ಮೇಲೆಯೂ ಕಾಲುವೆಯ ಜೌಗಿನಲ್ಲಿಯೂ ಯಾರೂ ಬಿತ್ತದೆ ತಾನಾಗಿ ಬೆಳೆಯುವ ಹೊನಗೊನ್ನೆ ಸೊಪ್ಪನ್ನು ಅರಿಯದ ಬೇಸಾಯಗಾರರು ವಿರಳ. ಕಣ್ಣಿಗೆ ಹಿತವಾದ ಸೊಪ್ಪೆಂದು ಹೆಂಗಸರು ಇದನ್ನು ಕೊಯ್ದು ತಂದು ಸಾರು ಪಲ್ಯಗಳಿಗೆ ಉಪಯೋಗಿಸುವುದು ಬಹುಕಾಲದಿಂದ ನಡೆದು ಬಂದಿರುವ ವಾಡಿಕೆ. ತಮಿಳರು ಇದನ್ನು ಪೊನ್ನಾಂಗಣ್ಣಿ ಎಂದೂ, ತೆಲುಗರು ಪೊನ್ನಗಂಟಿ ಕೂರ ಎಂದೂ, ಸಿಂಹಳೀಯರು ಮುಕುನುವೆನ್ನ ಎಂದೂ ಕರೆಯುವರು. ಇಷ್ಟು ಪರಿಚಿತವಾದ ಈ ಗಿಡಕ್ಕೆ ಹತ್ತಿರದ ದಾಯಾದಿಗಳು ಹಲವುಂಟು. ಅವುಗಳಲ್ಲಿ ಒಂದು ಪೇಟೆಯ ಗಾಜಿನ ಮೀನುತೊಟ್ಟಿಗಳಲ್ಲಿ ಅಲಂಕಾರಕ್ಕಾಗಿ ಬೆಳೆಯಲ್ಪಡುವುದು. ಒಂದು ದಾರಿಯ ಬದಿಯಲ್ಲಿ ಕಾಲಿಗೆ ಚುಚ್ಚುವ ಮುಳ್ಳುಗಿಡ. ಇನ್ನೊಂದಾದರೋ ಕೆರೆಯ ನೀರನ್ನೇ ಮುಚ್ಚಿ ತೂಬುಗಳನ್ನು ಕಟ್ಟಿಬಿಡುವ ಕೆಟ್ಟ ಕಳೆ. ನೋಟಕ್ಕೆ ಇವೆಲ್ಲವೂ ಒಂದನ್ನೊಂದು ಹೋಲುವುದರಿಂದ ಜನರು ಎಲ್ಲವನ್ನೂ ಹೊನಗೊನ್ನೆಯೆಂದೇ ಬಗೆಯುತ್ತಾರೆ. ಕೆರೆಯಿರುವ ಊರಿನ ಮುಖಂಡರಿಗೂ ಕೆರೆಯ ಕೆಳಗೆ ಜಮೀನುಳ್ಳವರಿಗೂ ಇವುಗಳ ಭೇದವು ತಿಳಿದಿರುವುದು ಅವಶ್ಯ. ಏಕೆಂದರೆ ಕಳೆಯು ಸೊಪ್ಪಿನ ವೇಷದಲ್ಲಿ ಬಂದಾಗ ಅದನ್ನು ಒಳಕ್ಕೆ ಬಿಟ್ಟುಕೊಳ್ಳುವವರು ಊರಿನವರೇ ಆಗುವರು.

ಸಸ್ಯಶಾಸ್ತ್ರಜ್ಞರು ಈ ಕುಲವನ್ನು ಆಲ್ಟರ್ನಾಂಥೆರ ಎಂದು ಕರೆಯುವರು. ಈ ಹೆಸರನ್ನು ಕೊಟ್ಟವನು ಫೊರ್ಸ್ಕಾಲ್ ಎಂಬ ವಿದ್ವಾಂಸನು. ಇವನು ಡೆನ್ಮಾರ್ಕಿನ ದೊರೆಯು ಕಳುಹಿಸಿದ ತಂಡದೊಡನೆ ಈಜಿಪ್ಟ್ ಮತ್ತು ಅರೇಬಿಯ ದೇಶಗಳ ಗಿಡಮೂಲಿಕೆಗಳನ್ನು ಶೋಧಿಸುತ್ತ ಹೋಗಿ ೧೭೬೩ರಲ್ಲಿ ಯೆಮನ್ ಪ್ರಾಂತದಲ್ಲಿ ಜ್ವರದಿಂದ ಮಡಿದನು. ಅವನ ಸಂಗಡಿಗನಾಗಿದ್ದ ನೀಬೂರನು ಅವನ ಬರಹಗಳನ್ನು ೧೭೭೫ರಲ್ಲಿ ಅಚ್ಚು ಹಾಕಿಸಿದನು. ದಂಟಿನ ಸೊಪ್ಪು, ಉತ್ತರಾಣಿ, ರಾಗಿಯ ಹೊಲದ ಅಣ್ಣೆಸೊಪ್ಪು ಇವು ಸೇರಿರುವ ಕುಟುಂಬಕ್ಕೇ ಈ ಕುಲವೂ ಸೇರಿದುದು. ಇದರಲ್ಲಿ ನೂರರ ಸಮೀಪದಷ್ಟು ಜಾತಿಗಳಿದ್ದು, ಅವುಗಳಲ್ಲಿ ಹೆಚ್ಚಿನವು ಅಮೆರಿಕ ಖಂಡದ ಉಷ್ಣಪ್ರದೇಶಗಳಿಗೆ ಸೇರಿದವು.

ಈ ಕುಲದ ಹಲವು ಜಾತಿಗಳು ಉಭಯವಾಸಿಗಳು. ಎಂದರೆ ನೀರಿನಲ್ಲಿಯೂ ನೆಲದಲ್ಲಿಯೂ ಬಾಳಬಲ್ಲವು. ಗುರುತಿಸುವವನಿಗೆ ತೊಡಕುಂಟಾಗುವುದು ಇಲ್ಲಿಯೇ. ಒಂದೇ ಗಿಡದ ಒಂದು ಕವಲು ದಡದ ಮೇಲೆ ಹಬ್ಬಿದರೆ ಅದರ ಎಲೆಗಳು ಕಿರಿದಾಗಿ ದಪ್ಪನಾಗಿರುವುವು, ಕಾಂಡವು ಸಣ್ಣದಾಗಿ ಗಟ್ಟಿಯಾಗಿರುವುದು; ಅದೇ ಗಿಡದ ಮತ್ತೊಂದು ಕವಲು ನೀರಿಗೆ ಇಳಿದರೆ ಎಲೆಗಳು ಉದ್ದವಾಗಿ ಅಗಲವಾಗುವುವು, ಕಾಂಡವು ಬೆರಳಿನಷ್ಟು ದಪ್ಪಕ್ಕೆ ಉಬ್ಬಿ ಒಳಗೆ ಗಾಳಿಯನ್ನು ತುಂಬಿಕೊಂಡು ತೇಲುವುದು. ನೀರಿನೊಳಗೆ ಪೂರ್ತಿಯಾಗಿ ಮುಳುಗಿ ಬೆಳೆಯುವ ಜಾತಿಗಳಲ್ಲಿ ಎಲೆಯ ಬಣ್ಣವೂ ಬದಲಾಗುವುದು. ನೆಲದ ಮೇಲೆ ಹಸುರಾಗಿದ್ದುದು ನೀರಿನಲ್ಲಿ ಕೆಂಪಾಗುವುದು. ಆದುದರಿಂದ ಎಲೆಯ ಅಳತೆ, ಆಕಾರ, ಬಣ್ಣ ಇವುಗಳನ್ನು ಮಾತ್ರ ನೋಡಿ ಜಾತಿಯನ್ನು ನಿಶ್ಚಯಿಸುವವರು ಮೋಸಹೋಗುವುದು ಖಂಡಿತ. ಬಲ್ಲವರು ಗಣ್ಣನ್ನೂ ಹೂವನ್ನೂ ನೋಡುವರು, ಏಕೆಂದರೆ ನೀರಾಗಲಿ ನೆಲವಾಗಲಿ ಇವೆರಡನ್ನೂ ಅಷ್ಟಾಗಿ ಬದಲಾಯಿಸಲಾರದು.

ಮೊದಲು ಕುಲವನ್ನು ನಿಶ್ಚಯಿಸಿಕೊಂಡು ತರುವಾಯ ಜಾತಿಗೆ ಬರತಕ್ಕದ್ದು. ಹೊನಗೊನ್ನೆಯ ಕುಲದ ಯಾವ ಗಿಡದಲ್ಲಿಯೇ ಆಗಲಿ ಎಲೆಗಳು ಪ್ರತಿಯೊಂದು ಗಣ್ಣಿನಲ್ಲಿಯೂ ಎರಡೆರಡಾಗಿ ಎದುರುಬದುರಾಗಿರುವುವು. ದಂಟಿನ ಸೊಪ್ಪಿನಲ್ಲಿಯೂ ಅಣ್ಣೆಸೊಪ್ಪಿನಲ್ಲಿಯೂ ಎಲೆಗಳು ಒಂದಾದ ಮೇಲೊಂದರಂತೆ ಇರುವುದರಿಂದ ಕುಟುಂಬ ಒಂದೇ ಆದರೂ ಅವು ಇಲ್ಲಿಯೇ ಬೇರೆಯಾಗುತ್ತವೆ. ಎಲೆಯ ಅಂಚಿನಲ್ಲಿ ಗರಗಸದ ಹಲ್ಲುಗಳಿರುವುದಿಲ್ಲ. ಕಾಂಡವನ್ನು ಮುರಿದರೆ ಹಾಲು ಒಸರುವುದಿಲ್ಲ. ನೆಲಕ್ಕೋ ನೀರಿಗೋ ತಾಕುವ ಗಣ್ಣುಗಳಿಂದ ಬೇರುಗಳು ಹೊರಡುವುವು. ಹೂವುಗಳು ಬಹು ಸಣ್ಣವಾಗಿ, ಒಣಕಾಗದದಂತೆ ಸರಸರ ಎನ್ನುವ ಐದು ಎಸಳುಗಳುಳ್ಳವಾಗಿ, ಅನೇಕವು ಒತ್ತಾಗಿ ಸೇರಿ ಒಂದು ಪುಟ್ಟ ಚೆಂಡಿನಂತಾಗಿ, ಎಲೆಯ ಕಂಕುಳಲ್ಲಿ ಹುಟ್ಟುವುವು. ಬಿಡಿ ಹೂವನ್ನು ಸೂಜಿಯಿಂದ ಬಿಡಿಸಿ ಭೂತಕನ್ನಡಿಯ ಕೆಳಗಿಟ್ಟರೆ ಕೇಸರಗಳ ಬುಡಗಳೆಲ್ಲ ಸೇರಿ ಒಂದು ಬಟ್ಟಲಿನಂತಾಗಿರುವುದೂ, ಪರಾಗವುಳ್ಳ ಒಂದು ಕೇಸರ, ಪರಾಗವಿಲ್ಲದ ಒಂದು ಬರಿಯ ಎಳೆ, ಮತ್ತೆ ಪರಾಗವುಳ್ಳ ಕೇಸರ, ಹೀಗೆ ಒಂದು ಬಿಟ್ಟು ಒಂದರಂತೆ ಇರುವುದೂ ಕಾಣುವುದು. ಕುಲದ ಹೆಸರಿನ ಅರ್ಥವೂ ಇದೇ.

ಕೆರೆಯಂಚಿನಲ್ಲಿ ಇದರೊಡನೆ ಬೆರೆತು ಬೆಳೆದು ಭ್ರಮೆಯನ್ನುಂಟುಮಾಡುವ ಬೇರೆ ಕುಲದ ಗಿಡಗಳು ಕೆಲವುಂಟು. ಗರುಗದ ಸೊಪ್ಪಿನಲ್ಲಿ ಎಲೆಗಳು ಎದುರುಬದುರಾಗಿಯೂ ಹೂವು ಬಿಳಿಯ ಗುಂಡಿಯಂತೆಯೂ ಇದ್ದರೂ, ಅದರ ಎಲೆಕಾಂಡಗಳು ಮುಟ್ಟಿದರೆ ಒರಟು. ಕಾಂಡವನ್ನು ಹಿಸುಕಿದರೆ ರಸವು ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುವುದು. ನೀರಿನಲ್ಲಿ ಹಬ್ಬುವ ಐಪೋಮಿಯ ಬಳ್ಳಿಯ ಕಾಂಡವು ಪೊಳ್ಳಾಗಿದ್ದರೂ ಅದರ ಎಲೆಗಳು ಒಂಟಿ, ಮುರಿದರೆ ಹಾಲು ಬರುವುದು, ಹೂವು ಆಲಿಕೆಯಂತಿರುವುದು. ಕೊಳವಳಿಕೆಯ ಗಿಡಕ್ಕೆ ಗಣ್ಣುಗಳಲ್ಲಿ ಉದ್ದವಾದ ಮುಳ್ಳುಗಳಿರುವುದರಿಂದ ಅದನ್ನು ಬೇರ್ಪಡಿಸುವುದು ಸುಲಭ. ಲಡ್ವಿಜಿಯ ಎಂಬ ಜಾತಿಯ ಜೌಗುಗಿಡಗಳಲ್ಲಿ ಸಾಮಾನ್ಯವಾಗಿ ಹೂವು ಹಳದಿಯಾಗಿರುವುದಲ್ಲದೆ, ಹೂವಿನ ಕೆಳಗೆ ಬೀಜದ ಕಾಯಿ ಸ್ಪಷ್ಟವಾಗಿ ಕಾಣುವುದು. ಹೊನಗೊನ್ನೆಯ ಕುಲದಲ್ಲಿ ಅಂಥ ಕಾಯಿ ಎಂದಿಗೂ ಇರದು.

ಇನ್ನು ಜಾತಿಗಳ ವಿಷಯ. ಸೊಪ್ಪಿಗೆ ಉಪಯೋಗಿಸುವ ನಾಟಿ ಹೊನಗೊನ್ನೆಗೆ ಶಾಸ್ತ್ರದಲ್ಲಿ ಆಲ್ಟರ್ನಾಂಥೆರ ಸೆಸಿಲಿಸ್ ಎಂದು ಹೆಸರು. ಸೆಸಿಲಿಸ್ ಎಂದರೆ ತೊಟ್ಟಿಲ್ಲದೆ ಕುಳಿತಿರುವುದು. ಇದರ ಹೂಚೆಂಡುಗಳು ಕಾಲು ಅಂಗುಲದಷ್ಟು ಸಣ್ಣವಾಗಿ, ಒಂದೊಂದು ಕಂಕುಳಲ್ಲಿ ಒಂದರಿಂದ ನಾಲ್ಕರವರೆಗೆ, ಕಾಂಡಕ್ಕೆ ಅಂಟಿಸಿದಂತೆ ಇರುವುವು. ಎಲೆಗಳು ಅರ್ಧ ಅಂಗುಲದಿಂದ ೩ ಅಂಗುಲದವರೆಗೆ ಉದ್ದವಿರಬಹುದು. ಪರಾಗವುಳ್ಳ ಕೇಸರಗಳು ಮೂರು. ಹಣ್ಣಾದ ಚೆಂಡನ್ನು ಅಂಗೈಯಲ್ಲಿ ಉಜ್ಜಿದರೆ ಹೃದಯದ ಆಕಾರದ ಚಪ್ಪಟೆಯಾದ ಪುಟ್ಟ ಹೊಟ್ಟುಗಳೂ, ಅವುಗಳೊಳಗಿಂದ ಸಾಸಿವೆಗಿಂತ ಸಣ್ಣದಾದ ಕರಿಗಂದು ಬಣ್ಣದ ಬೀಜಗಳೂ ಉದುರುವುವು.

ಈ ನಾಟಿ ಹೊನಗೊನ್ನೆಯೊಡನೆ ಕಲಸಿಹೋಗಿ ಹೆಚ್ಚಿನ ಹಾನಿಯನ್ನು ಮಾಡುವುದು ಆಲ್ಟರ್ನಾಂಥೆರ ಫಿಲೊಕ್ಸೆರಾಯ್ಡೀಸ್ ಎಂಬ ಜಾತಿ. ಇಂಗ್ಲಿಷಿನಲ್ಲಿ ಇದನ್ನು ಅಲಿಗೇಟರ್ ವೀಡ್ ಎಂದು ಕರೆಯುವರು. ಕನ್ನಡದಲ್ಲಿ ಇದಕ್ಕೆ ಎಲ್ಲ ಸೀಮೆಗಳಲ್ಲಿಯೂ ಒಪ್ಪಿದ ಬೇರೆ ಹೆಸರಿಲ್ಲ. ಅರ್ಧ ಅಪಾಯವು ಇದರಿಂದಲೇ ಉಂಟಾಗಿರುವುದೆಂದರೆ ತಪ್ಪಾಗದು, ಏಕೆಂದರೆ ಬೇರೆ ಹೆಸರಿಲ್ಲದ ಗಿಡವನ್ನು ಜನರು ಬೇರೆಯೆಂದು ಎಣಿಸುವುದಿಲ್ಲ. ಈ ಲೇಖನದಲ್ಲಿ ಇದನ್ನು ಕಳೆಹೊನಗೊನ್ನೆ ಎಂದು ಕರೆಯಲಾಗಿದೆ.

ಕಳೆಹೊನಗೊನ್ನೆಯ ಮುಖ್ಯ ಗುರುತು ಹೂಚೆಂಡಿನ ತೊಟ್ಟು. ಎಲೆಯ ಕಂಕುಳಿನಿಂದ ಅರ್ಧ ಅಂಗುಲದಿಂದ ೨ ಅಂಗುಲದಷ್ಟು ಉದ್ದವಾದ ತೊಟ್ಟು ಹೊರಟು, ಅದರ ತುದಿಯಲ್ಲಿ ಅರ್ಧ ಅಂಗುಲದ ಅಗಲವುಳ್ಳ ಹೊಳೆಯುವ ಬಿಳಿಯ ಚೆಂಡು ಒಂಟಿಯಾಗಿ ನಿಂತಿರುವುದು. ಪರಾಗವುಳ್ಳ ಕೇಸರಗಳು ಐದು. ಎಲೆಗಳು ೧ ಅಂಗುಲದಿಂದ ೪ ಅಂಗುಲದವರೆಗೆ ಬೆಳೆಯುವುವು. ನೀರಿನಲ್ಲಿರುವ ಕಾಂಡವನ್ನು ಅಡ್ಡಲಾಗಿ ಕೊಯ್ದರೆ ಹುಲ್ಲುಕೊಳವೆಯಂತೆ ಪೊಳ್ಳಾಗಿರುವುದು. ಈ ಪೊಳ್ಳನ್ನೇ ನಂಬಿ ತೀರ್ಮಾನಿಸಕೂಡದು. ನೀರಿನ ಮೇಲೆ ಹಬ್ಬಿದ ನಾಟಿ ಹೊನಗೊನ್ನೆಯ ಕಾಂಡದಲ್ಲಿಯೂ ಒಮ್ಮೊಮ್ಮೆ ಪೊಳ್ಳಿರುವುದುಂಟು, ನೆಲದ ಮೇಲಣ ಕಳೆಹೊನಗೊನ್ನೆಯಲ್ಲಿ ಪೊಳ್ಳು ಕಿರಿದಾಗಿರುವುದುಂಟು. ಗಣ್ಣಿನ ಬಳಿಯ ಬಿಳಿಯ ರೋಮಗಳೂ ಎರಡರಲ್ಲಿಯೂ ಇರುವುವು. ತೊಟ್ಟನ್ನು ನೋಡಿದ ಮೇಲೂ ಸಂದೇಹವಿದ್ದರೆ ಬೀಜದ ಪರೀಕ್ಷೆಯನ್ನು ಮಾಡಬಹುದು. ಒಣಗಿದ ಚೆಂಡುಗಳನ್ನು ಹತ್ತಿಪ್ಪತ್ತು ಆರಿಸಿ ಅಂಗೈಯಲ್ಲಿ ಉಜ್ಜಿ ಊದಿದಾಗ ನಾಟಿ ಹೊನಗೊನ್ನೆಯಲ್ಲಿ ಬೀಜವು ಉಳಿಯುವುದು. ಕಳೆಹೊನಗೊನ್ನೆಯಲ್ಲಿ ಬರಿಯ ಹೊಟ್ಟು ಹಾರಿಹೋಗಿ ಕೈ ಬರಿದಾಗುವುದು. ತನ್ನ ತವರಿನ ಹೊರಗೆ ಈ ಕಳೆಯು ಮೊಳೆಯುವ ಬೀಜವನ್ನು ಕಟ್ಟುವುದು ಇಲ್ಲವೆಂಬಷ್ಟು ಅಪರೂಪ.

ಬೀಜವಿಲ್ಲದ ಗಿಡ ಹೇಗೆ ಹಬ್ಬುವುದೆಂದು ಕೇಳಬಹುದು. ಇದಕ್ಕೆ ಬೀಜದ ಅವಶ್ಯಕತೆಯೇ ಇಲ್ಲ. ಕಾಂಡದ ಒಂದು ಗಣ್ಣು ಇದ್ದರೆ ಸಾಕು, ಅದು ಬೇರು ಬಿಟ್ಟು ಹೊಸ ಗಿಡವಾಗುವುದು. ಎತ್ತಿನ ಗೊರಸಿಗೆ ಅಂಟಿದ ಚೂರು, ಟ್ರ್ಯಾಕ್ಟರಿನ ನೇಗಿಲಿಗೆ ಸಿಕ್ಕಿದ ಚೂರು, ಮೀನಿನ ಬಲೆಯಲ್ಲಿ ಸಿಕ್ಕಿದ ಚೂರು, ಕೋಡಿ ಹರಿದಾಗ ತೇಲಿಹೋದ ಚೂರು, ಎಲ್ಲವೂ ಬಿತ್ತನೆಯೇ. ನೆಲದ ಮೇಲಾದರೆ ಬೇರುಕಾಂಡಗಳು ಒಂದೂವರೆ ಅಡಿಗೂ ಮೀರಿ ಆಳಕ್ಕೆ ಇಳಿಯುವುದರಿಂದ ಮೇಲಿನ ಹಸುರನ್ನು ಕೊಯ್ದುಹಾಕಿದರೂ ಗಿಡ ಸಾಯದು. ಕೆರೆಯಲ್ಲಾದರೆ ದಡದಲ್ಲಿ ಬೇರೂರಿ ನೀರಿನ ಮೇಲೆ ಚಾಪೆಯಂತೆ ಹಾಸಿಕೊಳ್ಳುವುದು. ಚಾಪೆಯ ಕೆಳಗೆ ಬೆಳಕು ಸಾಲದೆ, ನೀರಿನಲ್ಲಿ ಪ್ರಾಣವಾಯು ಕಡಮೆಯಾಗಿ ಮೀನುಗಳು ಕೆಡುವುವು, ತೂಬುಕಾಲುವೆಗಳಲ್ಲಿ ನೀರಿನ ಓಟ ನಿಧಾನವಾಗಿ ಹೂಳು ಬೇಗನೆ ತುಂಬುವುದು, ಸೊಳ್ಳೆಗಳು ಹೆಚ್ಚುವುವು. ಭತ್ತದ ಗದ್ದೆಯನ್ನು ಸೇರಿದರೆ ಪೈರಿನ ಗೊಬ್ಬರವನ್ನು ಇದೇ ತಿನ್ನುವುದಲ್ಲದೆ, ಕಳೆ ಕೀಳುವಾಗ ಮುರಿದ ತುಂಡುಗಳೆಲ್ಲ ಮತ್ತೆ ಚಿಗುರುವುವು.

ಇದರ ತವರು ದಕ್ಷಿಣ ಅಮೆರಿಕದ ಪರಾನಾ ನದಿಯ ಸೀಮೆ. ಅಲ್ಲಿಂದ ೧೯ನೆಯ ಶತಮಾನದ ಕೊನೆಯ ವೇಳೆಗೆ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಸೇರಿತು. ೧೯೪೬ರಲ್ಲಿ ಆಸ್ಟ್ರೇಲಿಯದ ನ್ಯೂಕಾಸಲ್ ಬಂದರಿನ ಬಳಿ ಕಾಣಿಸಿಕೊಂಡಿತು. ಹಡಗುಗಳ ತೂಕಕ್ಕಾಗಿ ತುಂಬುತ್ತಿದ್ದ ಮಣ್ಣುಮರಳಿನೊಡನೆ ಬಂದಿತೆಂದು ಅಲ್ಲಿಯವರು ಎಣಿಸುವರು. ಚೀನದೇಶಕ್ಕೆ ೧೯೩೦ರ ದಶಕದಲ್ಲಿ ಮೇವಿಗೆಂದೇ ತರಲ್ಪಟ್ಟು, ೧೯೫೦ರ ದಶಕದಲ್ಲಿ ಹಂದಿಗಳಿಗೆ ಮೇವೆಂದು ಊರೂರಿಗೆ ಹಂಚಲ್ಪಟ್ಟಿತು; ಹಂಚಿದವರೇ ಮುಂದೆ ಕಿತ್ತುಹಾಕಿಸುವುದಕ್ಕೆ ಹಣವನ್ನು ಸುರಿಯಬೇಕಾಯಿತು. ಭಾರತದ ಸರೋವರಗಳಲ್ಲಿ ಈ ಕಳೆಯಿರುವುದನ್ನು ಸಸ್ಯಶಾಸ್ತ್ರಜ್ಞರಾದ ಮಹೇಶ್ವರಿಯವರು ೧೯೬೫ರಲ್ಲಿ ನೇಚರ್ ಎಂಬ ವಿಜ್ಞಾನಪತ್ರಿಕೆಯಲ್ಲಿ ಪ್ರಕಟಿಸಿದರು. ಕರ್ಣಾಟಕದಲ್ಲಿ ಬೆಂಗಳೂರಿನ ಚರಂಡಿಯ ನೀರು ಸೇರುವ ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ಇದು ನೀಲಿ ಹೂವಿನ ಅಂತರಗಂಗೆಯೊಡನೆ ಸ್ಪರ್ಧಿಸಿ ಬೆಳೆದಿರುವುದನ್ನು ನೋಡಿದವರು ಬಹಳ ಮಂದಿ. ಕೊಳೆನೀರಿನ ಸತ್ತ್ವವು ಇದಕ್ಕೆ ಒಳ್ಳೆಯ ಗೊಬ್ಬರವಾಗುವುದರಿಂದ, ಪಟ್ಟಣಗಳ ಬಳಕೆಯ ನೀರು ಸೇರುವ ಕೆರೆಗಳುಳ್ಳ ಊರುಗಳವರು ಇತರರಿಗಿಂತ ಹೆಚ್ಚು ಎಚ್ಚರದಿಂದಿರಬೇಕು.

ಸೊಪ್ಪಿನ ಹೆಸರು ಹೇಗೆ ಮೋಸಮಾಡುವುದೆಂಬುದಕ್ಕೆ ಆಸ್ಟ್ರೇಲಿಯದಲ್ಲಿ ನಡೆದ ಸಂಗತಿಯೊಂದು ಒಳ್ಳೆಯ ದೃಷ್ಟಾಂತ. ಸಿಂಹಳದಿಂದ ಹೋಗಿ ಅಲ್ಲಿ ನೆಲೆಸಿದ್ದ ಕುಟುಂಬಗಳವರು ತಮ್ಮ ನಾಡಿನ ಮುಕುನುವೆನ್ನ ಸೊಪ್ಪೆಂದು ತಿಳಿದು ಒಂದು ಗಿಡವನ್ನು ಹಿತ್ತಲುಗಳಲ್ಲಿ ಬೆಳೆಸಿ, ನಂಟರಿಷ್ಟರಿಗೆ ಕಡ್ಡಿಗಳನ್ನು ಕೊಟ್ಟು, ಊರಿಂದೂರಿಗೆ ಹರಡಿದ್ದರು. ೧೯೯೦ರ ದಶಕದಲ್ಲಿ ಕಳೆಗಳ ವಿಷಯವನ್ನು ಬಲ್ಲವರು ನೋಡಿದಾಗ ಅದು ಮುಕುನುವೆನ್ನವಲ್ಲ, ಆ ದೇಶದವರು ಬಹು ವೆಚ್ಚದಿಂದ ಅಳಿಸಲು ಹೆಣಗುತ್ತಿದ್ದ ಕಳೆಹೊನಗೊನ್ನೆಯೆಂದು ಗೊತ್ತಾಯಿತು. ಅಧಿಕಾರಿಗಳು ಮನೆಮನೆಗೂ ಹೋಗಿ ತಿಳಿಯಹೇಳಿ ಗಿಡಗಳನ್ನು ಕೀಳಿಸಿದರು. ಆದರೆ ಬರಿಗೈಯಲ್ಲಿ ಬಿಟ್ಟುಬರಲಿಲ್ಲ. ಅದೇ ಕುಲಕ್ಕೆ ಸೇರಿದ, ಆ ದೇಶದಲ್ಲಿಯೇ ಹುಟ್ಟಿ ಬೆಳೆಯುವ ನಿರಪಾಯವಾದ ಮತ್ತೊಂದು ಜಾತಿಯನ್ನು ಬದಲಿಸೊಪ್ಪಾಗಿ ಮುಂದಿಟ್ಟರು. ಈ ಕ್ರಮವು ಮೆಚ್ಚತಕ್ಕದ್ದು. ತಿನ್ನುವ ಸೊಪ್ಪನ್ನು ಸುಮ್ಮನೆ ಕೀಳೆಂದರೆ ಯಾವ ಮನೆಯ ಗೃಹಿಣಿಯೂ ಕೀಳಲಾರಳು.

ಕಳೆಹೊನಗೊನ್ನೆಯ ಸೊಪ್ಪು ವಿಷವಲ್ಲ. ಅದನ್ನು ತಿಂದವರಿದ್ದಾರೆ. ಆದರೆ ಕೊಳೆನೀರಿನ ಕೆರೆಗಳಲ್ಲಿ ಬೆಳೆದಾಗ ಇದು ನೀರಿನಲ್ಲಿಯೂ ಕೆಸರಿನಲ್ಲಿಯೂ ಇರುವ ಸೀಸವೇ ಮೊದಲಾದ ಲೋಹಗಳನ್ನು ತನ್ನೊಳಕ್ಕೆ ಸೆಳೆದುಕೊಳ್ಳುವುದು. ಅಂಥ ಕೆರೆಯ ನಾಟಿ ಹೊನಗೊನ್ನೆಯನ್ನೂ ನಂಬುವಂತಿಲ್ಲ. ಸೊಪ್ಪು ಯಾವುದೆಂಬುದರಷ್ಟೇ ಯಾವ ನೀರಿನದೆಂಬುದೂ ಮುಖ್ಯ. ದನಗಳ ಮೇವಿಗೆ ಇದನ್ನು ಹೊರೆಕಟ್ಟಿ ಒಯ್ಯುವವರೂ ಉಂಟು. ಆಸ್ಟ್ರೇಲಿಯದಲ್ಲಿ ಈ ಕಳೆ ಹೆಚ್ಚಾಗಿ ಬೆಳೆದ ಹುಲ್ಲುಗಾವಲುಗಳಲ್ಲಿ ಮೇಯ್ದ ಹಸುಗಳಿಗೆ ಬಿಸಿಲು ತಾಳದೆ ಚರ್ಮವು ಹುಣ್ಣಾದುದು ವರದಿಯಾಗಿದೆ. ಮೈಯಲ್ಲಿ ಬಿಳಿಯ ಬಣ್ಣ ಹೆಚ್ಚಾಗಿರುವ ಸೀಮೆ ಹಸುಗಳನ್ನು ಸಾಕುವವರು ಇದನ್ನು ಗಮನಿಸತಕ್ಕದ್ದು. ಮೇವಿನ ಹೊರೆಯಿಂದ ದಾರಿಯುದ್ದಕ್ಕೂ ಗಣ್ಣುಗಳು ಉದುರುವುದಂತೂ ಬೇರೆಯ ಮಾತು.

ಗಾಜಿನ ಮೀನುತೊಟ್ಟಿಗಳಲ್ಲಿ ಬೆಳೆಸುವ ಜಾತಿಗೆ ಆಲ್ಟರ್ನಾಂಥೆರ ರೈನೆಕಿಯೈ ಎಂದು ಹೆಸರು. ಇದೂ ದಕ್ಷಿಣ ಅಮೆರಿಕದ್ದು. ನೀರಿನೊಳಗೆ ಎಲೆಗಳು ಗುಲಾಬಿಯಿಂದ ಕಡುಗೆಂಪಿನವರೆಗೆ ಬಣ್ಣವನ್ನು ತಳೆಯುವುದರಿಂದ ಮೀನು ಸಾಕುವ ಹವ್ಯಾಸಿಗಳಿಗೆ ಇದು ಬಹು ಪ್ರಿಯ. ಮಾರಾಟಗಾರರು ಸಾಮಾನ್ಯವಾಗಿ ಇದನ್ನು ನೀರಿನ ಮೇಲೆ ತೇವದ ಮನೆಗಳಲ್ಲಿ ಬೆಳೆಸುವುದರಿಂದ, ಕೊಂಡು ತಂದಾಗ ಹಸುರುಗಂದಾಗಿದ್ದ ಎಲೆಗಳು ಮುಳುಗಿಸಿದ ಕೆಲವು ವಾರಗಳಲ್ಲಿ ಉದುರಿ ಹೊಸದಾಗಿ ಕೆಂಪೆಲೆಗಳು ಬರುವುವು. ಗಿಡ ಸತ್ತಿತೆಂದು ಇದನ್ನು ಎಸೆಯುವವರಿದ್ದಾರೆ. ಕೆಂಪು ಬಣ್ಣದ ಲಡ್ವಿಜಿಯವೂ ಇದೇ ತೊಟ್ಟಿಗಳಲ್ಲಿ ಬೆಳೆಯುವುದರಿಂದ ಒಂದನ್ನು ಇನ್ನೊಂದೆಂದು ಮಾರುವುದೂ ಉಂಟು. ನೀರಿನಲ್ಲಿ ಮುಳುಗಿರುವ ಗಿಡವು ಹೂ ಬಿಡದ ಕಾರಣ ಅಲ್ಲಿಯೇ ಜಾತಿಯನ್ನು ನಿಶ್ಚಯಿಸುವುದು ಕಷ್ಟ. ತಿಳಿಯಬೇಕೆಂಬವರು ಒಂದು ಕಡ್ಡಿಯನ್ನು ಕೆಸರುಮಣ್ಣಿನ ಕುಂಡದಲ್ಲಿ ನೆಟ್ಟು, ಕುಂಡವನ್ನು ನೆಲಕ್ಕೆ ತಾಕದಂತೆ ಕಲ್ಲಿನ ಮೇಲಿಟ್ಟು, ಹೂ ಬರುವವರೆಗೆ ಕಾಯತಕ್ಕದ್ದು. ನಾಟಿ ಹೊನಗೊನ್ನೆಯಲ್ಲಿಯೂ ಕೆಂಪು ಬಣ್ಣದ ತಳಿಯೊಂದನ್ನು ಮೀನುತೊಟ್ಟಿಗೆಂದು ಮಾರುವರು; ಅದು ಪೂರ್ತಿ ಮುಳುಗಿದ ಸ್ಥಿತಿಯಲ್ಲಿ ಹೆಚ್ಚು ಕಾಲ ಬಾಳದು.

ರೈನೆಕಿಯೈಯಿಂದ ಕೆರೆಗಳಿಗೆ ಕೇಡಾದ ಸುದ್ದಿಯಿಲ್ಲ. ಆದರೂ ಮೀನುತೊಟ್ಟಿಯನ್ನು ತೊಳೆದು ಅದರ ಗಿಡಗಳನ್ನು ಬಾವಿಗೋ ಕಟ್ಟೆಗೋ ಸುರಿಯುವ ಪದ್ಧತಿಯು ಕೆಟ್ಟದ್ದು. ಇಂದು ದೇಶದ ಕೆರೆಗಳನ್ನೆಲ್ಲ ಆವರಿಸಿರುವ ನೀಲಿ ಹೂವಿನ ಅಂತರಗಂಗೆಯೂ ಮೊದಲು ಕೊಳದ ಅಲಂಕಾರಕ್ಕೆಂದೇ ಬಂದ ಗಿಡ. ಒಂದು ಪೊಟ್ಟಣದಲ್ಲಿ ಒಂದು ಜಾತಿಯೇ ಇರುವುದೆಂದು ಯಾರೂ ಖಾತರಿ ಕೊಡಲಾರರು.

ಉಳಿದ ಜಾತಿಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಆಲ್ಟರ್ನಾಂಥೆರ ಪಂಜೆನ್ಸ್ ಎಂಬುದು ಒಣನೆಲದಲ್ಲಿ ನೆಲಕ್ಕೆ ಅಂಟಿ ಹಬ್ಬುವ ಮುಳ್ಳುಜಾತಿ. ಎಲೆಗಳು ದುಂಡಾಗಿ, ಒಂದೇ ಜೋಡಿಯಲ್ಲಿ ಒಂದು ದೊಡ್ಡದು ಒಂದು ಚಿಕ್ಕದಾಗಿರುವುವು. ಹೂಚೆಂಡಿನ ಎಸಳುಗಳೇ ಮುಳ್ಳಾಗಿ ಬರಿಗಾಲಿಗೂ ಕುರಿಯ ಉಣ್ಣೆಗೂ ಹತ್ತಿಕೊಳ್ಳುವುವು. ೧೮೯೯ರಿಂದ ೧೯೦೨ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದ ಕಾಲದಲ್ಲಿ ಖಾಕಿ ಉಡುಪಿನ ಸಿಪಾಯಿಗಳ ಕುದುರೆಮೇವಿನೊಡನೆ ಹರಡಿತೆಂದು ಅಲ್ಲಿ ಇದಕ್ಕೆ ಖಾಕಿ ಕಳೆಯೆಂಬ ಹೆಸರು ನಿಂತಿದೆ. ಪ್ಯಾರೊನಿಕಿಯಾಯ್ಡೀಸ್ ಎಂಬುದು ಕೆರೆಯಂಚಿನ ತೇವದಲ್ಲಿ ನೆಲಕ್ಕೆ ಒತ್ತಿಕೊಂಡು ಹಾಸುವ ಸಣ್ಣ ಜಾತಿ. ಚೆಂಡುಗಳಿಗೆ ತೊಟ್ಟಿಲ್ಲ, ಎಳೆಯ ಭಾಗಗಳಲ್ಲಿ ರೋಮ ಹೆಚ್ಚು, ಪರಾಗಕೇಸರಗಳು ಐದು. ಉದ್ಯಾನಗಳಲ್ಲಿ ಅಂಚುಕಟ್ಟುವುದಕ್ಕೂ ಅಕ್ಷರಗಳನ್ನು ಬಿಡಿಸುವುದಕ್ಕೂ ನೆಡುವ ಬಣ್ಣದೆಲೆಯ ಗಿಡವು ಬೆಟ್ಸಿಕಿಯಾನ ಎಂಬ ಜಾತಿ. ಇದರ ಕೆಂಪು ಬಗೆಯನ್ನು ಕೆಂಪು ಹೊನಗೊನ್ನೆಯೆಂದು ಸೊಪ್ಪಿನ ಅಂಗಡಿಗಳಲ್ಲಿ ಮಾರುವರು. ಹೂತೋಟಗಳಲ್ಲಿ ನೆಟ್ಟಗೆ ಪೊದೆಯಾಗಿ ಬೆಳೆಯುವ ನೇರಳೆಗೆಂಪಿನ ಬ್ರೆಸಿಲಿಯಾನ ಜಾತಿಯ ಚೆಂಡುಗಳಿಗೂ ಉದ್ದವಾದ ತೊಟ್ಟುಂಟು. ಆದುದರಿಂದ ತೊಟ್ಟನ್ನು ಕಂಡ ಕೂಡಲೇ ಕಳೆಯೆಂದು ಕೂಗದೆ, ಗಿಡವು ಹಸುರೋ ಕೆಂಪೋ, ನೀರಿನ ಬಳಿ ಗಣ್ಣುಗಳಲ್ಲಿ ಬೇರುಬಿಟ್ಟು ಹಬ್ಬಿದೆಯೋ ಒಣನೆಲದಲ್ಲಿ ನೆಟ್ಟಗೆ ನಿಂತಿದೆಯೋ ಎಂಬುದನ್ನು ಸೇರಿಸಿ ನೋಡತಕ್ಕದ್ದು.

ಜಮೀನುದಾರರಿಗೆ ಈ ವಿಷಯದಲ್ಲಿ ಹೆಚ್ಚಿನ ಆಸಕ್ತಿಯಿರಬೇಕಾದುದು ಕೆರೆಯ ಹೂಳಿನ ಕಾರಣದಿಂದ. ಬೇಸಗೆಯಲ್ಲಿ ನೀರು ತಗ್ಗಿದಾಗ ಹೂಳೆತ್ತಿ ಹೊಲಗದ್ದೆಗಳಿಗೆ ಹೊಡೆಯುವುದು ಒಳ್ಳೆಯ ಸಂಪ್ರದಾಯ. ಹಗುರವಾದ ಕೆಂಪುಮಣ್ಣಿಗೆ ಇದಕ್ಕಿಂತ ಅಗ್ಗವಾದ ಸತ್ತ್ವ ಮತ್ತೊಂದಿಲ್ಲ. ಆದರೆ ಕಳೆಹೊನಗೊನ್ನೆ ಬೇರೂರಿದ ಕಡೆಯ ಹೂಳಿನಲ್ಲಿ ಅದರ ಬೇರುಕಾಂಡಗಳು ಕಣ್ಣಿಗೆ ಬೀಳದಂತೆ ಹುದುಗಿರುವುವು. ಮೇಲೆ ಹಸುರು ಒಣಗಿದೆಯೆಂದು ಹೂಳು ಶುದ್ಧವಾಯಿತೆಂದು ತಿಳಿಯಕೂಡದು. ಹತ್ತು ಗಾಡಿ ಹೂಳಿನೊಡನೆ ಗದ್ದೆಗೆ ಬಂದ ಕಳೆಯನ್ನು ಹತ್ತು ವರುಷ ಕಿತ್ತರೂ ಮುಗಿಸುವುದು ಕಷ್ಟ. ಹೂಳೆತ್ತುವ ಮೊದಲು, ಕೆರೆಯಲ್ಲಿ ಇನ್ನೂ ನೀರಿದ್ದು ಗಿಡಗಳು ಹೂವಿನಲ್ಲಿರುವಾಗಲೇ ಊರಿನ ಮುಖಂಡರು ಇಬ್ಬರು ಮೂವರು ಬಲ್ಲವರೊಡನೆ ದಡವನ್ನು ಸುತ್ತಿ, ತೊಟ್ಟುಳ್ಳ ಬಿಳಿಯ ಚೆಂಡುಗಳು ಕಂಡ ಕಡೆಯಲ್ಲೆಲ್ಲ ಗೂಟ ಹೊಡೆಸಿ ಗುರುತು ಮಾಡಿಸತಕ್ಕದ್ದು. ಗೂಟದೊಳಗಿನ ಹೂಳನ್ನು ಯಾರ ಜಮೀನಿಗೂ ಒಯ್ಯಗೊಡದಿರುವುದೇ ಮೇಲು. ಕೆಲಸ ಮಾಡಿದ ಯಂತ್ರಗಳನ್ನೂ ಗಾಡಿಗಳನ್ನೂ ಕೆರೆಯಂಗಳದಲ್ಲಿಯೇ ಕೆರೆದು ತೊಳೆದು ಹೊರಕ್ಕೆ ಬಿಡತಕ್ಕದ್ದು.

ಕಳೆಯು ಈಗತಾನೆ ಬಂದು ನಾಲ್ಕಾರು ಗಜಗಳಷ್ಟು ಮಾತ್ರ ಹಬ್ಬಿದ್ದರೆ ಕೈಯಿಂದಲೇ ತೆಗೆಯಬಹುದು. ನೀರಿನ ಕಡೆಯಿಂದ ಸಣ್ಣ ಕಣ್ಣಿನ ಬಲೆಯನ್ನು ಸುತ್ತಲೂ ಕಟ್ಟಿ, ಮುರಿದ ಚೂರುಗಳು ತೇಲಿಹೋಗದಂತೆ ಮಾಡಿಕೊಂಡು, ಚಾಪೆಯನ್ನು ದಡಕ್ಕೆ ಎಳೆದು, ಬಳಿಕ ದಡದ ಬೇರುಗಳನ್ನು ಅಗೆದು, ಬೇರಿನ ಕೊನೆ ಸಿಕ್ಕುವವರೆಗೂ ಮಣ್ಣನ್ನು ಬಿಡಿಸಿ ಆರಿಸಬೇಕು. ತೆಗೆದುದನ್ನು ದಡದ ಮೇಲೆ ರಾಶಿ ಹಾಕಿದರೆ ಅಡಿಯಲ್ಲಿರುವುದು ಬದುಕಿಕೊಳ್ಳುವುದು. ಬಂಡೆಯ ಮೇಲೋ ತಾಡಪಾಲಿನ ಮೇಲೋ ತೆಳ್ಳಗೆ ಹರಡಿ ಗರಿಗರಿಯಾಗಿ ಒಣಗಿಸಿ ಸುಡತಕ್ಕದ್ದು. ತಿಪ್ಪೆಗೆ ಹಸಿಯಾಗಿ ಹಾಕಕೂಡದು. ಆ ಜಾಗವನ್ನು ಎರಡು ಮೂರು ವಾರಗಳಿಗೊಮ್ಮೆ ಒಂದು ವರ್ಷಕ್ಕೆ ಕಡಮೆಯಿಲ್ಲದಂತೆ ನೋಡುತ್ತಿರಬೇಕು. ಒಮ್ಮೆ ಕಿತ್ತು ಸುಮ್ಮನಾಗುವುದು ಕೀಳದಿರುವುದಕ್ಕಿಂತ ಹೆಚ್ಚಿನ ಪ್ರಯೋಜನವನ್ನು ಕೊಡದು. ಟ್ರ್ಯಾಕ್ಟರಿನಿಂದ ಉತ್ತು ಅಳಿಸುತ್ತೇವೆಂಬುದು ಕಳೆಯನ್ನು ಕೊಚ್ಚಿ ನೆಟ್ಟಂತೆ. ಕಳೆನಾಶಕ ಔಷಧಗಳು ಮೇಲಿನ ಹಸುರನ್ನು ಬಾಡಿಸಿದರೂ ಬೇರಿನಿಂದ ಮತ್ತೆ ಚಿಗುರು ಬರುವುದು. ದನಕರುಗಳು ಕುಡಿಯುವ, ಮೀನು ಬಿಟ್ಟಿರುವ ನೀರಿಗೆ ಅವನ್ನು ತಜ್ಞರ ಅನುಮತಿಯಿಲ್ಲದೆ ಯಾರೂ ಸಿಂಪಡಿಸಕೂಡದು.

ಅಮೆರಿಕದವರು ೧೯೬೪ರಲ್ಲಿ ಅರ್ಜೆಂಟೀನದಿಂದ ಅಗಾಸಿಕ್ಲೀಸ್ ಎಂಬ ಸಣ್ಣ ದುಂಬಿಯೊಂದನ್ನು ತರಿಸಿ ಈ ಕಳೆಯ ಮೇಲೆ ಬಿಟ್ಟರು. ಕರಿಮೈಯ ಮೇಲೆ ಹಳದಿಯ ಪಟ್ಟೆಗಳುಳ್ಳ ಈ ಹುಳು ಎಲೆಯನ್ನು ತಿಂದು, ಪೊಳ್ಳು ಕಾಂಡದೊಳಗೆ ಹೊಕ್ಕು ಕೋಶ ಕಟ್ಟುವುದು. ಬೆಚ್ಚಗಿನ ಸೀಮೆಯ ನದಿಗಳಲ್ಲಿ ಇದರಿಂದ ಬಹಳ ಒಳ್ಳೆಯ ಫಲವುಂಟಾಯಿತು. ಆಸ್ಟ್ರೇಲಿಯದವರೂ ೧೯೭೭ರಲ್ಲಿ ಇದನ್ನು ತಂದರು. ಆದರೆ ನೆಲದ ಮೇಲೆ ಬೆಳೆದ ಕಳೆಯ ಕಾಂಡವ�ು ಸಣ್ಣದಾಗಿ ಹುಳುವಿಗೆ ಕೋಶ ಕಟ್ಟಲು ಎಡೆ ಸಾಲದಿರುವುದರಿಂದ ಅಲ್ಲಿ ಇದರ ಆಟ ನಡೆಯಲಿಲ್ಲ. ಉಭಯವಾಸಿಯಾದ ಶತ್ರುವನ್ನು ಒಂದೇ ಕಡೆಯಿಂದ ಹೊಡೆದರೆ ಅದು ಇನ್ನೊಂದು ಕಡೆಯಲ್ಲಿ ಉಳಿದುಕೊಳ್ಳುವುದು.

ಸಂದೇಹವಿರುವ ಗಿಡವನ್ನು ತಜ್ಞರಿಗೆ ತೋರಿಸಬೇಕೆಂಬವರು ಹಸಿಯ ಗಿಡವನ್ನು ಕೈಚೀಲದಲ್ಲಿ ತುಂಬಿ ಒಯ್ಯದೆ, ಹೂಚೆಂಡು, ಎಲೆಯ ಜೋಡಿ, ಗಣ್ಣು, ಬೇರು ಇಷ್ಟೂ ಇರುವ ಒಂದು ಗೇಣುದ್ದದ ಕವಲನ್ನು ಆರಿಸಿ, ಹಳೆಯ ವೃತ್ತಪತ್ರಿಕೆಯ ಹಾಳೆಗಳ ನಡುವೆ ಬಿಡಿಸಿಟ್ಟು, ಮೇಲೆ ಭಾರವನ್ನು ಹೇರಿ, ಹಾಳೆಗಳನ್ನು ದಿನಕ್ಕೊಮ್ಮೆ ಬದಲಾಯಿಸುತ್ತ ಪೂರ್ತಿ ಒಣಗಿಸತಕ್ಕದ್ದು. ಕಾಂಡದ ಒಂದು ತುಂಡನ್ನು ಅಡ್ಡಲಾಗಿ ಕೊಯ್ದು ಜೊತೆಗೆ ಒಣಗಿಸಿದರೆ ಪೊಳ್ಳು ಕಾಣುವುದಕ್ಕೆ ಅನುಕೂಲ. ಒಂದು ಚೀಟಿಯಲ್ಲಿ ಊರು, ಕೆರೆಯ ಹೆಸರು, ಕಿತ್ತ ತಾರೀಖು, ಗಿಡವು ನೀರಿನಲ್ಲಿತ್ತೋ ದಡದಲ್ಲಿತ್ತೋ ಗದ್ದೆಯಲ್ಲಿತ್ತೋ ಎಂಬುದು, ಎಷ್ಟು ಗಜದಷ್ಟು ಹಬ್ಬಿದೆ ಎಂಬುದು, ಊರಿನವರು ಅದನ್ನು ಯಾವ ಹೆಸರಿನಿಂದ ಕರೆಯುವರೆಂಬುದು ಇವನ್ನು ಬರೆದು ಹಾಳೆಗೆ ಅಂಟಿಸಿ, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತಲಪಿಸಬಹುದು. ಮೀನುತೊಟ್ಟಿಯಿಂದ ತಂದ ಗಿಡವಾದರೆ ಅದನ್ನೂ, ಕೊಂಡಾಗ ಅಂಗಡಿಯವರು ಹೇಳಿದ ಹೆಸರನ್ನೂ ಚೀಟಿಯಲ್ಲಿ ಕಾಣಿಸತಕ್ಕದ್ದು.